ಎಸ್ಕೇಪ್ ಎಂಬ ಪದ ಮತ್ತು ಕಬ್ಬಿಣದ ಕಪಾಟು

ನನಗೆ ಮೊದಲ ಕೆಲಸ ಕೊಟ್ಟ ಮನುಷ್ಯ ನನ್ನ ಇಂಗ್ಲಿಷ್ ಕೇಳಿ ನಗಲಿಲ್ಲ. ಆ ಒಂದು ಕಾರಣಕ್ಕೇ ಅವರು ಕೇಳಿದ್ದನ್ನೆಲ್ಲ ಕೊಟ್ಟುಬಿಟ್ಟೆ.

ಅದಕ್ಕೂ ಮೊದಲು ಹೋದ ಇಂಟರ್‌ವ್ಯೂಗಳಲ್ಲಿ ನಾನು ಧಾರಾವಿಯವಳು, ಕನ್ನಡ ಶಾಲೆಯಲ್ಲಿ ಓದಿದವಳು ಎಂದು ತಿಳಿದ ಕೂಡಲೇ ಎದುರಿಗೆ ಕೂತವರ ತುಟಿಯಂಚಿನಲ್ಲಿ ಸಣ್ಣದೊಂದು ನಗೆ ಮೂಡುತ್ತಿತ್ತು. ಬಿ.ಎ.ಯಲ್ಲಿ ಇಂಗ್ಲಿಷ್ ಸಾಹಿತ್ಯ ತೆಗೆದುಕೊಂಡು ಒಳ್ಳೆಯ ಮಾರ್ಕ್ಸ್ ತಂದಿದ್ದೆ. ಆದರೆ ಬಾಯಿ ತೆರೆದರೆ ಅಪ್ಪ ಅವ್ವನ ವಿಜಯಪುರ ಕಡೆಯ ಏರಿಳಿತ ಇಂಗ್ಲಿಷಿನಲ್ಲೂ ಕೇಳಿಸುತ್ತಿತ್ತು. ಅಪ್ಪ ಗೌಂಡಿ ಕೆಲಸ ಮಾಡುತ್ತಿದ್ದ. ಅವ್ವ ನಮ್ಮ ಗಲ್ಲಿಯಲ್ಲೇ ಒಂದು ಚರ್ಮದ ಬ್ಯಾಗಿನ ಕಾರ್ಖಾನೆಯಲ್ಲಿ ಹೊಲಿಗೆ ಮುಗಿದ ಬ್ಯಾಗುಗಳ ದಾರದ ತುದಿ ಕತ್ತರಿಸುತ್ತಿದ್ದಳು. ಮನೆಯಲ್ಲಿ ಇಂಗ್ಲಿಷ್ ಎಂದರೆ ನಾನೊಬ್ಬಳೇ.

ಗೋರೆಗಾಂವ್ ಸ್ಟೇಷನ್ನಿನ ಹೊರಗೆ, ಸ್ಟೀಲ್ ಪಾತ್ರೆಯ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಆ ಸ್ಪೋಕನ್ ಇಂಗ್ಲಿಷ್ ಕ್ಲಾಸ್ ಇತ್ತು. ನಡೆಸುತ್ತಿದ್ದವರು ಉಡುಪಿ ಕಡೆಯವರು. ನಾವೆಲ್ಲ ಅವರನ್ನು ಸರ್ ಎಂದಷ್ಟೇ ಕರೆಯುತ್ತಿದ್ದೆವು. ಹುಡುಗರಾಗಿದ್ದಾಗ ಮುಂಬಯಿಗೆ ಬಂದು ಹೋಟೆಲಿನಲ್ಲಿ ಟೇಬಲ್ ಒರೆಸಿ, ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದವರು. ನನ್ನ ಅರ್ಜಿಯ ಮೇಲೆ ಕಣ್ಣಾಡಿಸಿ, ನಾನು ಇಂಗ್ಲಿಷಿನಲ್ಲಿ ತಡವರಿಸುತ್ತಿದ್ದಾಗಲೇ ಕನ್ನಡಕ್ಕೆ ಬಂದರು.

"ಭಾಷೆ ಒಳಗೆ ಉಂಟು ನಿನಗೆ. ಧೈರ್ಯ ಇಲ್ಲ, ಅಷ್ಟೇ. ನಾನು ನಿನಗಿಂತ ಕಡೆ ಇದ್ದೆ. ಬಾ, ನಾಳೆಯಿಂದಲೇ ಬಾ. ನೀನು ನಮ್ಮವಳು."

ನನ್ನ ಕಣ್ಣು ತುಂಬಿತು. ಆಮೇಲೆ ಅವರು ಒರಿಜಿನಲ್ ಮಾರ್ಕ್ಸ್ ಶೀಟುಗಳನ್ನೂ ಡಿಗ್ರಿ ಸರ್ಟಿಫಿಕೇಟನ್ನೂ ಕೇಳಿದರು.

"ಇದು ನಮ್ಮಲ್ಲಿ ಪದ್ಧತಿ. ಟೀಚರು ನಡುವೆ ಬಿಟ್ಟು ಹೋದರೆ ಬ್ಯಾಚಿನವರ ಗತಿ ಎಂತ? ಮೊದಲು ಒಬ್ಬ ಹಾಗೇ ಮಾಡಿದ. ಅರ್ಧ ಕ್ಲಾಸನ್ನೇ ಕರ್ಕೊಂಡು ಹೋಗಿ ಎದುರಿನ ಬಿಲ್ಡಿಂಗಿನಲ್ಲಿ ಸ್ವಂತ ಶುರು ಮಾಡಿದ. ಮತ್ತೆ, ಇಲ್ಲಿ ಸೇಫ್. ನಿಮ್ಮಲ್ಲಿ ಮಳೆಗೆ ನೀರು ನುಗ್ಗುತ್ತದಲ್ಲ?"

ನುಗ್ಗುತ್ತಿತ್ತು, ನಿಜ. ಮಳೆಗಾಲದಲ್ಲಿ ನನ್ನ ಕಾಗದಗಳಿದ್ದ ಪ್ಲಾಸ್ಟಿಕ್ ಚೀಲವನ್ನು ಅವ್ವ ಅಟ್ಟದ ತೊಲೆಗೆ ಕಟ್ಟುತ್ತಿದ್ದಳು. ನಾನು ಫೈಲನ್ನು ಅವರ ಕೈಗೆ ಕೊಟ್ಟೆ. ಅವರು ಕುರ್ಚಿಯ ಹಿಂದಿದ್ದ ಬೂದು ಬಣ್ಣದ ಕಬ್ಬಿಣದ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಆ ಕಪಾಟಿನ ಬಾಗಿಲು ಮುಚ್ಚುವಾಗ ಒಮ್ಮೆ ಕಿರ್ರೆನ್ನುತ್ತಿತ್ತು. ಮುಂದೆ ಆ ಸದ್ದು ಕೇಳಿದಾಗಲೆಲ್ಲ ಪಾಠ ಮಾಡುತ್ತಿದ್ದವಳು ಒಂದು ಕ್ಷಣ ತಡೆಯುತ್ತಿದ್ದೆ.

ಮನೆಗೆ ಬಂದು ಹೇಳಿದಾಗ ಅಪ್ಪನಿಗೆ ಸಂತೋಷವಾಯಿತು. ಅವ್ವ ಮಾತ್ರ ಕೈಯಲ್ಲಿದ್ದ ರೊಟ್ಟಿ ಹಾಗೇ ಹಿಡಿದು ಕೇಳಿದಳು.

"ನಿನ್ನ ಕಾಗದಾ ತಗೊಂಡ ಅಂವಾ ಏನ್ ಮಾಡ್ತಾನ?"

"ಇಟ್ಕೋತಾರವ್ವಾ. ಕೆಲಸಾ ಬಿಡೂ ಮುಂದ ಕೊಡ್ತಾರ."

"ಹತ್ತನೇದ್ದೂ ಕೊಟ್ಟಿಯೇನ?"

"ಎಲ್ಲಾ."

"ಅದರಾಗ ನನ್ನ ಹೆಸರ ಐತಲ್ಲ" ಎಂದಳು ಅವ್ವ. ನಮ್ಮ ಬೋರ್ಡಿನ ಹತ್ತನೆಯ ತರಗತಿಯ ಮಾರ್ಕ್ಸ್ ಶೀಟಿನಲ್ಲಿ ತಾಯಿಯ ಹೆಸರು ಅಚ್ಚಾಗಿರುತ್ತದೆ. ಅವ್ವನಿಗೆ ಓದಲು ಬರುವುದಿಲ್ಲ. ಆದರೆ ಆ ಹಾಳೆಯಲ್ಲಿ ತನ್ನ ಹೆಸರು ಎಲ್ಲಿದೆ ಎಂದು ಅವಳಿಗೆ ಗೊತ್ತಿತ್ತು. ಬಂದ ನೆಂಟರಿಗೆಲ್ಲ ಬೆರಳಿಟ್ಟು ತೋರಿಸಿದ್ದಳು.

ಕೆಲಸ ಚೆನ್ನಾಗಿಯೇ ಇತ್ತು. ಮಾಹಿಮಿನಲ್ಲಿ ಹಾರ್ಬರ್ ಲೈನಿನ ಲೋಕಲ್ ಹತ್ತಿದರೆ ಗೋರೆಗಾಂವ್ ಕೊನೆಯ ಸ್ಟೇಷನ್. ಬೆಳಗಿನ ಹೊತ್ತು ಆ ದಿಕ್ಕಿಗೆ ಕೂರಲು ಜಾಗ ಸಿಗುತ್ತಿತ್ತು. ಕ್ಲಾಸ್ ರೂಮಿಗೆ ಕಿಟಕಿ ಇರಲಿಲ್ಲ. ದೊಡ್ಡ ಹಜಾರವನ್ನು ಪ್ಲೈವುಡ್ ಹಲಗೆಯಿಂದ ಮೂರಾಗಿ ಸೀಳಿದ್ದರು. ಪಕ್ಕದಲ್ಲಿ ಗ್ರಾಮರ್ ಮೇಡಮ್ ಪಾಠ ಮಾಡುವುದು ನನಗೆ ಕೇಳುತ್ತಿತ್ತು, ನನ್ನದು ಅವರಿಗೆ. ಎಸಿ ಹಾಕಿ ಬಾಗಿಲು ಮುಚ್ಚಿದರೆ ಹೊರಗೆ ಮಳೆಯೋ ಬಿಸಿಲೋ ತಿಳಿಯುತ್ತಿರಲಿಲ್ಲ.

ಸರ್ ಒಂದು ಹೊಸ ಪದ್ಧತಿ ಶುರು ಮಾಡಿದ್ದರು. ದಿನಾ ಬೋರ್ಡಿನ ಮೂಲೆಯಲ್ಲಿ ಒಂದು ಪದ ಬರೆಯಬೇಕು. ಅದರ ಅರ್ಥ, ಬಳಕೆ, ಅದು ಎಲ್ಲಿಂದ ಬಂತು ಎಂಬುದನ್ನೂ ಹೇಳಬೇಕು. ಬೇರೆ ಕ್ಲಾಸುಗಳಲ್ಲಿ ಇದಿಲ್ಲ ಎಂದು ಅವರಿಗೆ ಹೆಮ್ಮೆ. ಆಫೀಸಿನಲ್ಲಿ ಬೆನ್ನು ಕಿತ್ತುಹೋದ ಒಂದು ದಪ್ಪ ನಿಘಂಟು ಇತ್ತು. ಆ ಕೆಲಸ ನನ್ನ ಪಾಲಿಗೆ ಬಂತು, ಮತ್ತು ನನಗೆ ಹುಚ್ಚು ಹಿಡಿಸಿತು. ವಿಂಡೋ ಎಂದರೆ ಉತ್ತರ ಯುರೋಪಿನ ಹಳೆಯ ಭಾಷೆಯೊಂದರಲ್ಲಿ ಗಾಳಿಯ ಕಣ್ಣು ಎಂದು ಓದಿದ ದಿನ ಲೋಕಲ್‌ನಲ್ಲಿ ಒಬ್ಬಳೇ ನಕ್ಕೆ. ನಮ್ಮ ಗವಾಕ್ಷಿಯೂ ಕಣ್ಣೇ ತಾನೆ, ಹಸುವಿನ ಕಣ್ಣು. ಎಲ್ಲೋ ಹಿಮದ ನಾಡಿನವರೂ ನಮ್ಮವರೂ ಗೋಡೆಯ ಒಂದು ತೂತನ್ನು ನೋಡಿ ಕಣ್ಣು ಎಂದುಕೊಂಡಿದ್ದರು.

ವರ್ಷ ಕಳೆದ ಮೇಲೆ ವಿಲೆ ಪಾರ್ಲೆಯ ಒಂದು ಶಾಲೆಯಲ್ಲಿ ಟೀಚರ್ ಬೇಕೆಂದು ತಿಳಿಯಿತು. ಅರ್ಜಿ ಹಾಕಿದೆ. ಕರೆದರು, ಪಾಠ ಮಾಡಿಸಿ ನೋಡಿದರು, ಒಪ್ಪಿದರು. ಒರಿಜಿನಲ್ ತಂದು ತೋರಿಸಿ ಸೇರಿಕೊಳ್ಳಿ ಎಂದರು. ನಾನು ಸರ್ ಹತ್ತಿರ ಹೋಗಿ ನಿಂತೆ.

"ಎಂತಕ್ಕೆ ಬೇಕು?" ಎಂದರು.

ನಿಜ ಹೇಳಿದೆ. ಅವರು ಸಿಟ್ಟಾಗಲಿಲ್ಲ. ಅದೇ ಕಷ್ಟವಾಯಿತು. ಚಹಾ ತರಿಸಿದರು.

"ಹೋಗಬೇಡ ಅಂತ ನಾನು ಹೇಳುವುದಿಲ್ಲ. ನಿನ್ನ ಒಳ್ಳೆಯದು ನನಗೂ ಬೇಕು. ಈ ಬ್ಯಾಚ್ ಒಂದು ಮುಗಿಯಲಿ. ಕಪಾಟಿನ ಕೀ ಮನೆಯಲ್ಲಿ ಉಂಟು, ಹೆಂಡತಿ ಹತ್ತಿರ. ಅವಳು ಊರಿಗೆ ಹೋಗಿದ್ದಾಳೆ."

ಬ್ಯಾಚ್ ಮುಗಿಯುವ ಮೊದಲೇ ಇನ್ನೊಂದು ಬ್ಯಾಚ್ ಶುರುವಾಗಿರುತ್ತಿತ್ತು. ಹೆಂಡತಿ ಊರಿನಿಂದ ಬಂದರು. ಆಗ ಆಡಿಟ್ ಎಂದರು. ಆಡಿಟ್ ಮುಗಿದಾಗ ಗಣಪತಿ ಹಬ್ಬ. ಶಾಲೆಯವರು ಕಾದು ಕಾದು ಬೇರೆಯವರನ್ನು ತೆಗೆದುಕೊಂಡರು. ಸರ್ ಒಂದು ಸಲವೂ ಕೊಡುವುದಿಲ್ಲ ಎಂದಿರಲಿಲ್ಲ. ಇಲ್ಲ ಎಂದಿದ್ದರೆ ಜಗಳವಾಡಬಹುದಿತ್ತು. ಅವರು ಕೇಳಿದಾಗಲೆಲ್ಲ ಹೌದು ಎನ್ನುತ್ತಿದ್ದರು, ಊಟ ಆಯ್ತಾ ಎಂದು ವಿಚಾರಿಸುತ್ತಿದ್ದರು, ನನ್ನ ಪಾಠವನ್ನು ಬಂದವರ ಮುಂದೆ ಹೊಗಳುತ್ತಿದ್ದರು.

ಗ್ರಾಮರ್ ಮೇಡಮ್‌ರನ್ನು ಒಂದು ಮಧ್ಯಾಹ್ನ ಡಬ್ಬಿ ತಿನ್ನುವಾಗ ಕೇಳಿದೆ. ಅವರು ಮರಾಠಿಯವರು, ನನಗಿಂತ ಬಹಳ ಹಿರಿಯರು. ನಾವು ಹಿಂದಿಯಲ್ಲಿ ಮಾತಾಡುತ್ತಿದ್ದೆವು. ನಿಮ್ಮದೂ ಆ ಕಪಾಟಿನಲ್ಲಿ ಇದೆಯೇ ಎಂದೆ.

ಇದೆ ಎಂದರು. ಕೇಳಲಿಲ್ಲವೇ ಎಂದೆ.

"ಮೊದಲು ಕೇಳುತ್ತಿದ್ದೆ. ಆಮೇಲೆ ಮದುವೆಯಾಯಿತು, ಮಗಳು ಹುಟ್ಟಿದಳು, ಮನೆ ಇಲ್ಲೇ ಹತ್ತಿರ. ಈಗ ಕೇಳಿದರೆ ಕೊಡಬಹುದು. ಆದರೆ ತಗೊಂಡು ಎಲ್ಲಿಗೆ ಹೋಗಲಿ?" ಎಂದು ಚಪಾತಿಯ ತುಂಡಿನಿಂದ ಡಬ್ಬಿಯ ಮೂಲೆ ಒರೆಸಿದರು. ಅವರ ದನಿಯಲ್ಲಿ ದುಃಖವೇನೂ ಇರಲಿಲ್ಲ. ನಾನು ನನ್ನ ಡಬ್ಬಿ ಮುಚ್ಚಿದೆ.

ಅಪ್ಪನಿಗೆ ಹೇಳಿದರೆ ಅವನದು ಒಂದೇ ಮಾತು.

"ಕೆಲಸಾ ಕೊಟ್ಟಾಂವ ಅದಾನ. ಕೇಳೂದ ಕೇಳು, ಜಗಳಾ ತಗೀಬ್ಯಾಡ. ನಮ್ಮಂಥವರಿಗೆ ಮತ್ತ ಯಾರ ಕೊಡ್ತಾರ?"

ಆ ದಿನಗಳಲ್ಲೇ ಬೋರ್ಡಿನ ಮೂಲೆಗೆ ಎಸ್ಕೇಪ್ ಬಂತು. ನಾನು ಆರಿಸಿದ್ದಲ್ಲ. ಸಂಜೆ ಬ್ಯಾಚಿಗೆ ಒಬ್ಬರು ಗುಜರಾತಿ ಗೃಹಿಣಿ ಬರುತ್ತಿದ್ದರು, ಎಲ್ಲರೂ ಅವರನ್ನು ಬೆನ್, ಅಂದರೆ ಅಕ್ಕ, ಎನ್ನುತ್ತಿದ್ದರು. ಮೊಮ್ಮಕ್ಕಳು ಇಂಗ್ಲಿಷಿನಲ್ಲೇ ಮಾತಾಡುತ್ತವೆಂದು ಕಲಿಯಲು ಸೇರಿದ್ದರು. ಕಂಪ್ಯೂಟರ್ ಕೀಬೋರ್ಡಿನ ಮೂಲೆಯಲ್ಲಿ ಎಸ್ಕೇಪ್ ಎಂದು ಇರುತ್ತದಲ್ಲ, ಅದನ್ನು ಒತ್ತಿದರೆ ಯಾರು ಎಲ್ಲಿಗೆ ಹೋಗುತ್ತಾರೆ ಎಂದು ಕೇಳಿದರು. ಎಲ್ಲರೂ ನಕ್ಕರು. ನಾಳೆ ಹೇಳುತ್ತೇನೆ ಎಂದೆ.

ನಮ್ಮ ಗಲ್ಲಿಯಲ್ಲಿ ಅದು ಇಂಗ್ಲಿಷ್ ಪದ ಎಂದೇ ಯಾರಿಗೂ ಅನ್ನಿಸುವುದಿಲ್ಲ. ಕೆಲಸ ಬಿಟ್ಟು ಜಾರಿದವನೂ ಎಸ್ಕೇಪ್, ಟಿಸಿ ಕೈಗೆ ಸಿಗದವನೂ ಎಸ್ಕೇಪ್. ಅಪ್ಪ ಕೂಡ "ಕಂಟ್ರಾಟದಾರ ಎಸ್ಕೇಪ್ ಆಗ್ಯಾನ" ಎನ್ನುತ್ತಾನೆ. ಮರುದಿನ ಬೇಗ ಹೋಗಿ ನಿಘಂಟು ತೆರೆದೆ. ಅದು ಫ್ರೆಂಚಿನಿಂದ ಬಂದ ಪದ, ಅದಕ್ಕೂ ಹಿಂದೆ ಜನರಾಡುತ್ತಿದ್ದ ಲ್ಯಾಟಿನ್. ಎಕ್ಸ್ ಎಂದರೆ ಹೊರಗೆ, ಕಪ್ಪಾ ಎಂದರೆ ಮೈಮೇಲೆ ಹೊದೆಯುವ ನಿಲುವಂಗಿ. ಬೆನ್ನಟ್ಟಿ ಬಂದವನು ನಿಲುವಂಗಿ ಹಿಡಿದುಕೊಂಡಾಗ, ಅದನ್ನು ಅವನ ಕೈಯಲ್ಲೇ ಬಿಟ್ಟು ಅದರೊಳಗಿನಿಂದ ಜಾರಿ ಓಡುವುದು. ಕ್ಯಾಪ್ ಎಂಬ ಪದ ಹುಟ್ಟಿದ್ದೂ ಅದೇ ಬೇರಿನಿಂದ.

ಓದಿ ಮುಗಿಸಿ ತಲೆ ಎತ್ತಿದರೆ ಎದುರಿಗೆ ಆ ಬೂದು ಕಪಾಟು. ಸರ್ ಇನ್ನೂ ಬಂದಿರಲಿಲ್ಲ. ನಾನು ಎದ್ದು ಹೋಗಿ ಅದರ ಹಿಡಿಕೆ ಮುಟ್ಟಿದೆ. ಬೀಗ ಹಾಕಿತ್ತು. ಮೆಟ್ಟಿಲಲ್ಲಿ ಯಾರದೋ ಹೆಜ್ಜೆ ಕೇಳಿ ಹಿಂದಕ್ಕೆ ಬಂದು ಕೂತೆ.

ಕ್ಲಾಸಿನಲ್ಲಿ ಈ ಕಥೆ ಹೇಳಿದೆ. ಆ ದಿನ ಸರ್ ಕೂಡ ಹಿಂದಿನ ಬೆಂಚಿನಲ್ಲಿ ಬಂದು ಕೂತಿದ್ದರು, ಆಗಾಗ ಹಾಗೆ ಕೂರುತ್ತಿದ್ದರು. ಗುಜರಾತಿ ಬೆನ್ ಕೈ ಎತ್ತಿ ಹಿಂದಿಯಲ್ಲಿ ಕೇಳಿದರು.

"ಆಮೇಲೆ ಚಳಿಗೆ ಅವನು ಏನು ಮಾಡಿದ?"

"ಗೊತ್ತಿಲ್ಲ, ನಿಘಂಟಿನಲ್ಲಿ ಬರೆದಿಲ್ಲ" ಎಂದೆ.

"ಬದುಕಿದ್ದರೆ ಇನ್ನೊಂದು ಹೊಲಿಸಿಕೊಂಡಿರುತ್ತಾನೆ" ಎಂದು ಪಕ್ಕದವರು ಹೇಳಿದರು. ಸರ್ ಎಲ್ಲರಿಗಿಂತ ಜೋರಾಗಿ ನಕ್ಕು ಚಪ್ಪಾಳೆ ತಟ್ಟಿದರು. ಹೋಗುವಾಗ "ಬಹಳ ಚಂದ ಹೇಳಿದೆ" ಎಂದರು. ಅವರಿಗೆ ಏನಾದರೂ ಅನ್ನಿಸಿತೋ ಇಲ್ಲವೋ, ಇವತ್ತಿಗೂ ನನಗೆ ತಿಳಿಯದು.

ಅಂದು ಸಂಜೆ ಲೋಕಲ್‌ನಲ್ಲಿ ಕೂತು ಕನ್ನಡದಲ್ಲಿ ಈ ಪದಕ್ಕೆ ಏನನ್ನುತ್ತೇವೆ ಎಂದು ಯೋಚಿಸಿದೆ. ಪಾರಾಗುವುದು. ಪಾರ ಎಂದರೆ ಆಚೆಯ ದಡ. ನದಿ ದಾಟಿದವನು ಪಾರಾದವನು. ಪರಾರಿ ಬೇರೆ, ಅದು ಪೊಲೀಸರ ಮಾತು. ಇನ್ನೊಂದು, ತಪ್ಪಿಸಿಕೊಳ್ಳುವುದು. ಅದರೊಳಗೆ ತಪ್ಪು ಇದೆ. ಕೈತಪ್ಪುವುದೂ ತಪ್ಪು, ಮಾಡಬಾರದ್ದನ್ನು ಮಾಡುವುದೂ ತಪ್ಪು. ತಿಂಗಳುಗಟ್ಟಲೆ ನನ್ನನ್ನು ಹಿಡಿದಿದ್ದದ್ದು ಬೀಗವಷ್ಟೇ ಅಲ್ಲ, ಬಿಟ್ಟು ಹೋದರೆ ತಪ್ಪಾಗುತ್ತದೆ ಎಂಬ ಭಾವನೆ ಕೂಡ ಎಂದು ಆಗ ಅರ್ಥವಾಯಿತು. ನನ್ನ ಇಂಗ್ಲಿಷ್ ಕೇಳಿ ನಗದ ಮನುಷ್ಯನಿಗೆ ಹೇಗೆ ಬೆನ್ನು ತೋರಿಸುವುದು?

ದೀಪಾವಳಿಗೆ ಸ್ವಲ್ಪ ಮುಂಚೆ ವಿಲೆ ಪಾರ್ಲೆಯ ಆ ಶಾಲೆಯಿಂದಲೇ ಮತ್ತೆ ಫೋನ್ ಬಂತು. ತೆಗೆದುಕೊಂಡಿದ್ದವರು ಬಿಟ್ಟು ಹೋಗಿದ್ದರು. ಹೊಸ ಟರ್ಮ್ ಶುರುವಾಗುವುದರೊಳಗೆ ಕಾಗದಪತ್ರ ತರಲಾಗುತ್ತದೆಯೇ ಎಂದು ಹೆಡ್ ಮಿಸ್ಟ್ರೆಸ್ ಕೇಳಿದರು. ತರುತ್ತೇನೆ ಎಂದುಬಿಟ್ಟೆ. ಬ್ಯಾಚ್ ಮುಗಿದು ರಜೆ ಬಂತು. ರಜೆ ಮುಗಿದ ಮೇಲೆ ನಾನು ಗೋರೆಗಾಂವ್‌ಗೆ ಹೋಗಲಿಲ್ಲ. ಕೆಲಸ ಬಿಡುತ್ತಿದ್ದೇನೆಂದು ಸರ್‌ಗೆ ಮೆಸೇಜ್ ಮಾಡಿದೆ. ಅವರು ಫೋನ್ ಮಾಡಿದರು, ಎತ್ತಲಿಲ್ಲ. ಅವರ ಹೆಂಡತಿ ಮಾಡಿದರು. ಎತ್ತಿದೆ. "ಸರ್‌ಗೆ ಬಿಪಿ ಜಾಸ್ತಿ ಆಗಿದೆ ಮಗಳೇ. ನಿನ್ನನ್ನು ಮನೆಯವಳ ಹಾಗೆ ನೋಡಿಕೊಂಡರಲ್ಲ?" ಎಂದರು. ನಾನು ಫೋನ್ ಇಟ್ಟುಬಿಟ್ಟೆ.

ಡೂಪ್ಲಿಕೇಟ್ ತೆಗೆಸಬೇಕಾದರೆ ಕಾಗದ ಕಳೆದುಹೋಗಿದೆ ಎಂದು ಪೊಲೀಸ್ ಠಾಣೆಯಲ್ಲಿ ಬರೆಸಬೇಕು. ಠಾಣೆಯ ಮೇಜಿನ ಹಿಂದೆ ಒಬ್ಬರು ಮಹಿಳಾ ಕಾನ್‌ಸ್ಟೇಬಲ್ ಕೂತಿದ್ದರು. ಎಲ್ಲಿ ಕಳೆದವು ಎಂದು ಕೇಳಿದರು. ಲೋಕಲ್‌ನಲ್ಲಿ ಎಂದು ಹೇಳಲು ಮನೆಯಿಂದಲೇ ತಯಾರಾಗಿ ಬಂದಿದ್ದೆ. ಬಾಯಿಗೆ ಬರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಅವರು ಪೆನ್ನು ಕೆಳಗಿಟ್ಟರು. "ಹಾಗಾದರೆ ಕಳೆದಿಲ್ಲ. ಎಲ್ಲಿದೆ ಎಂದು ಗೊತ್ತಿದೆಯಲ್ಲ. ಅವನ ಮೇಲೆ ದೂರು ಕೊಡು" ಎಂದರು. ದೂರು ಬೇಡ ಎಂದೆ. ಅವರು ಸರ್ ನಂಬರ್ ಕೇಳಿ ತಾವೇ ಫೋನ್ ಮಾಡಿದರು. ಸರ್ ಆ ಕಡೆಯಿಂದ ಬಹಳ ಮರ್ಯಾದೆಯಿಂದ ಮಾತಾಡಿದ್ದು ನನಗೂ ಕೇಳಿತು. ಯಾವಾಗ ಬೇಕಾದರೂ ಬಂದು ತೆಗೆದುಕೊಂಡು ಹೋಗಲಿ, ಯಾರು ಬೇಡ ಎಂದರು ಎಂದಿದ್ದರು. "ಹೋಗು, ತಗೋ" ಎಂದು ಕಾನ್‌ಸ್ಟೇಬಲ್ ನನ್ನನ್ನು ಕಳಿಸಿದರು.

ಹೋದೆ. ಸರ್ ಬಾಗಿಲಲ್ಲೇ ನಿಂತಿದ್ದರು. ಮುಖ ಇಳಿದಿತ್ತು, ನಿಜವಾಗಿಯೂ ಸೊರಗಿದ್ದರು.

"ಪೊಲೀಸಿಗೆ ಹೋಗುವಂಥದ್ದು ನಾನು ಎಂತ ಮಾಡಿದೆ ಹೇಳು."

"ನನ್ನ ಸರ್ಟಿಫಿಕೇಟ್ ಕೊಡಿ ಸರ್. ಬೇರೆ ಏನೂ ಇಲ್ಲ."

"ಕೊಡ್ತೇನೆ. ಕೀ ಇವತ್ತು ತರಲಿಲ್ಲ, ತಲೆ ಸರಿ ಇಲ್ಲ ನನಗೆ. ನಾಳೆ ಖಂಡಿತ. ಈಗ ನೋಡು, ಹುಡುಗರು ಬಂದು ಕೂತಾಗಿದೆ. ಹೊಸ ಟೀಚರ್ ಇನ್ನೂ ಸಿಗಲಿಲ್ಲ. ಇವತ್ತೊಂದು ಕ್ಲಾಸ್ ತಗೋ."

ಹೇಳುತ್ತ ಹೇಳುತ್ತಲೇ ಬೋರ್ಡಿನ ಮಾರ್ಕರನ್ನು ನನ್ನ ಕೈಗಿಟ್ಟರು. ಪ್ಲೈವುಡ್ ಬಾಗಿಲು ತೆರೆದಿತ್ತು. ಒಳಗೆ ಗುಜರಾತಿ ಬೆನ್ ನನ್ನನ್ನು ಕಂಡು ಕೈ ಬೀಸಿದರು. ಯಾರೋ ಗುಡ್ ಈವ್ನಿಂಗ್ ಮೇಡಮ್ ಎಂದರು. ನನ್ನ ಕಾಲು ಆ ಕಡೆ ತಿರುಗಿತು. ಒಳಗೆ ಹೋಗಿ ಮೇಜಿನವರೆಗೂ ನಡೆದೆ, ಮಾರ್ಕರಿನ ಮುಚ್ಚಳವನ್ನೂ ತೆಗೆದೆ. ಪಕ್ಕದ ಕೋಣೆಯಲ್ಲಿ ಗ್ರಾಮರ್ ಮೇಡಮ್ ಪಾಸ್ಟ್ ಟೆನ್ಸ್ ಹೇಳಿಸುತ್ತಿದ್ದರು. ಇವತ್ತು ಬೋರ್ಡಿನಲ್ಲಿ ಬರೆದರೆ ನಾಳೆಯೂ ಬರೆಯುತ್ತೇನೆ, ಆಮೇಲೆ ಎಂದೂ ಕೇಳುವುದಿಲ್ಲ ಎಂದು ನನಗೆ ಸ್ಪಷ್ಟವಾಗಿ ಕಂಡಿತು. ಮಾರ್ಕರನ್ನು ಮೇಜಿನ ಮೇಲಿಟ್ಟು, ಸಾರಿ ಎಂದಷ್ಟೇ ಹೇಳಿ ಹೊರಗೆ ಬಂದೆ.

"ಎಲ್ಲಿಗೆ? ನಿನ್ನ ಕಾಗದ ಬೇಡವಾ?" ಎಂದು ಸರ್ ಹಿಂದಿನಿಂದ ಕೇಳಿದರು.

"ಬೇಡ ಸರ್" ಎಂದೆ. ಮೆಟ್ಟಿಲಿಳಿದು, ಪಾತ್ರೆಯಂಗಡಿ ದಾಟಿ, ಸ್ಟೇಷನ್ ಸೇರುವವರೆಗೂ ಹಿಂದಕ್ಕೆ ನೋಡಲಿಲ್ಲ. ಪ್ಲಾಟ್‌ಫಾರ್ಮಿನಲ್ಲಿ ಕೂತಾಗ ಬಿಡುಗಡೆಯ ಸಂತೋಷವೇನೂ ಆಗಲಿಲ್ಲ. ಓದಿದ್ದಕ್ಕೆ ಸಾಕ್ಷಿಯಾಗಿ ನನ್ನ ಹತ್ತಿರ ಒಂದು ಚೂರು ಹಾಳೆಯೂ ಇರಲಿಲ್ಲ.

ಠಾಣೆಗೆ ಮತ್ತೆ ಹೋದೆ. ಅದೇ ಕಾನ್‌ಸ್ಟೇಬಲ್. ಕೊಟ್ಟನೇ ಎಂದರು. ಇಲ್ಲ ಎಂದೆ. ದೂರು ಕೊಡುತ್ತೀಯಾ ಎಂದರು. ಇಲ್ಲ ಎಂದೆ. ಅವರು ಪೆನ್ನು ತೆಗೆದುಕೊಂಡರು.

"ಎಲ್ಲಿ ಹೋದವು?"

"ಗೋರೆಗಾಂವ್‌ನಲ್ಲಿ."

ಬರೆದುಕೊಂಡು ಮುದ್ರೆ ಒತ್ತಿಕೊಟ್ಟರು.

ಮನೆಯಲ್ಲಿ ಅಪ್ಪ ಬಹಳ ಬೈದ. ಕೊಡುತ್ತೇನೆ ಎಂದವನ ಹತ್ತಿರ ಒಂದು ದಿನ ಕಾಯಲಾಗಲಿಲ್ಲವೇ ಎಂದ. ಅವ್ವ ಬೈಯಲಿಲ್ಲ, ಆದರೆ ಎರಡು ದಿನ ನನ್ನೊಂದಿಗೆ ಸರಿಯಾಗಿ ಮಾತಾಡಲಿಲ್ಲ. ಮೂರನೆಯ ದಿನ ಪಾತ್ರೆ ತಿಕ್ಕುತ್ತ ತಲೆ ಎತ್ತದೆಯೇ ಹೇಳಿದಳು.

"ನನ್ನ ಹೆಸರ ಅಲ್ಲೇ ಬಿಟ್ಟ ಬಂದಿ."

"ಹೊಸಾದರಾಗೂ ಬರತೈತವ್ವಾ."

"ಅದು ಬ್ಯಾರೆ. ಅದು ನೀ ಪಾಸಾದ ದಿನದ್ದಲ್ಲ."

ನಾನು ಪಕ್ಕದಲ್ಲಿ ಕೂತು, ಅವಳು ತಿಕ್ಕಿದ ಪಾತ್ರೆಗಳನ್ನು ತೊಳೆದಿಟ್ಟೆ.

ಡೂಪ್ಲಿಕೇಟ್ ಬರುವವರೆಗೆ ಹೆಡ್ ಮಿಸ್ಟ್ರೆಸ್ ನನಗೆ ಬೇರೆ ಟೀಚರುಗಳು ರಜೆ ಹಾಕಿದಾಗ ಮಾತ್ರ ಕ್ಲಾಸ್ ಕೊಟ್ಟರು. ಉಳಿದ ದಿನ ಕಾರ್ಖಾನೆಯಲ್ಲಿ ಅವ್ವನ ಜೊತೆ ಕೂತು ಬ್ಯಾಗುಗಳ ದಾರ ಕತ್ತರಿಸಿದೆ. ಬೋರ್ಡಿನ ಆಫೀಸಿಗೂ ಯೂನಿವರ್ಸಿಟಿಗೂ ಓಡಾಡಿ ಚಪ್ಪಲಿ ಸವೆಯಿತು. ಕೊನೆಗೆ ಬಂದವು. ಪ್ರತಿಯೊಂದರ ತಲೆಯ ಮೇಲೂ ಡೂಪ್ಲಿಕೇಟ್ ಎಂಬ ಮುದ್ರೆ ಇತ್ತು.

ಅವನ್ನು ತೆಗೆದುಕೊಂಡು ಶಾಲೆಗೆ ಹೋದೆ. ಆಫೀಸಿನ ಕೌಂಟರಿನಲ್ಲಿದ್ದ ಕ್ಲರ್ಕ್ ಫೈಲನ್ನು ಎಳೆದುಕೊಂಡ.

"ಇಟ್ಟು ಹೋಗಿ ಮೇಡಮ್. ವೆರಿಫಿಕೇಶನ್ ಆದ ಮೇಲೆ ಕೊಡುತ್ತೇವೆ."

ಫೈಲು ಅತ್ತ ಹೋಗಲಿಲ್ಲ. ನೋಡಿದರೆ ಇನ್ನೊಂದು ತುದಿ ನನ್ನ ಕೈಯಲ್ಲಿತ್ತು. ಬಿಡಬೇಕೆಂದು ನನಗೆ ಗೊತ್ತಿತ್ತು, ಬೆರಳು ಬಿಡುತ್ತಿರಲಿಲ್ಲ. ಕ್ಲರ್ಕ್ ಮತ್ತೊಮ್ಮೆ ಮೆಲ್ಲಗೆ ಎಳೆದ. ಹಿಂದೆ ನಿಂತಿದ್ದ ಪೋಷಕರೊಬ್ಬರು ಕೆಮ್ಮಿದರು.

"ಯಾವಾಗ ಕೊಡುತ್ತೀರಿ?" ಎಂದೆ.

"ಎರಡು ಮೂರು ದಿನ."

"ನಾನು ಇಲ್ಲೇ ಕೂತಿರುತ್ತೇನೆ. ಈಗಲೇ ನೋಡಿ ಕೊಡಿ."

ಕ್ಲರ್ಕ್ ಒಳಗೆ ಹೋಗಿ ಹೆಡ್ ಮಿಸ್ಟ್ರೆಸ್‌ರನ್ನು ಕರೆದುಕೊಂಡು ಬಂದ. ಅವರು ನನ್ನನ್ನೂ ಫೈಲನ್ನೂ ನೋಡಿ, ಕಾರಣ ಕೇಳದೆ, "ಇವರ ಎದುರಿಗೇ ಸ್ಕ್ಯಾನ್ ಮಾಡಿ ಕೊಟ್ಟುಬಿಡಿ" ಎಂದರು. ನಾನು ಕಾರಿಡಾರಿನ ಬೆಂಚಿನಲ್ಲಿ ಕೂತೆ. ಸ್ಕ್ಯಾನರ್ ಕೆಟ್ಟಿತ್ತು, ಸರಿಮಾಡುವವನು ಬರುವುದು ತಡವಾಯಿತು. ಘಂಟೆ ಹೊಡೆಯಿತು, ಮಕ್ಕಳು ಸಾಲಾಗಿ ನನ್ನ ಮುಂದೆ ಹಾದುಹೋದರು, ನನ್ನ ಮೊದಲ ಪೀರಿಯಡ್ಡನ್ನು ಬೇರೆ ಯಾರೋ ತೆಗೆದುಕೊಂಡರು. ನಾನು ಏಳಲಿಲ್ಲ. ಕೌಂಟರಿನ ಗಾಜಿನ ಹಿಂದೆ ಕ್ಲರ್ಕ್ ಒಂದೊಂದೇ ಹಾಳೆಯನ್ನು ಸ್ಕ್ಯಾನರಿನ ಮೇಲೆ ಮಗುಚಿ ಹಾಕುವುದನ್ನು ನೋಡುತ್ತ ಕೂತಿದ್ದೆ.